ಸದ್ದು ಬರುವ ಡ್ರಮ್ಮೇ ಇರಲಿ

ನಾನು ಮಲಗುವ ಮುಂದಿನ ಕೋಣೆಯಲ್ಲಿರುವ ಕೆಂಪು ಡ್ರಮ್ ಸೆಟ್ಟು ನಮ್ಮ ಮನೆಗೆ ಹೇಗೆ ಬಂತು ಎಂದು ನಿಮ್ಮಲ್ಲಿ ಚಿಕ್ಕವರಿಬ್ಬರೂ ಆಗಾಗ ಕೇಳುತ್ತೀರಿ. ನಾನು ಬಾಯಿ ತೆರೆಯುವಷ್ಟರಲ್ಲಿ ನಿಮ್ಮ ಕಣ್ಣು ಮೊಬೈಲಿಗೆ ಹೋಗಿರುತ್ತದೆ. ನನಗೂ ನಾಲ್ಕು ಜನರ ಮುಂದೆ ಕೂತು ಹೇಳುವ ಅಭ್ಯಾಸವಿಲ್ಲ. ಬರೆಯುವಾಗ ಯಾರೂ ಮುಖ ನೋಡುವುದಿಲ್ಲ, ಅದೇ ಅನುಕೂಲ. ಹಳ್ಳಿಯ ಶಾಲೆಯಲ್ಲಿ ಏಳನೇ ತರಗತಿವರೆಗೆ ಓದಿದವಳು ನಾನು. ತಪ್ಪಿದ್ದರೆ ತಿದ್ದಿಕೊಂಡು ಓದಿ.

ನಿಮ್ಮಲ್ಲಿ ದೊಡ್ಡವಳಿಗೆ ಆಗ ಹದಿನಾಲ್ಕು ವರ್ಷ. ಕಮ್ಮನಹಳ್ಳಿ ಮೇನ್ ರೋಡಿನ ಒಂದು ಬೇಕರಿಯ ಮಹಡಿಯ ಮೇಲೆ ಡ್ರಮ್ ಕಲಿಯಲು ಸೇರಿ ಒಂದು ವರ್ಷವಾಗಿತ್ತು. ಕ್ಲಾಸು ವಾರಕ್ಕೆ ಎರಡು ದಿನ. ಉಳಿದ ಐದು ದಿನ ಅವಳು ನನ್ನ ಅಡುಗೆಮನೆಯ ಡಬ್ಬಗಳನ್ನು ಬಡಿಯುತ್ತಿದ್ದಳು. ದಪ್ಪ ಸದ್ದಿಗೆ ರಾಗಿ ಹಿಟ್ಟಿನ ಡಬ್ಬ, ಸಣ್ಣ ಸದ್ದಿಗೆ ಅವಲಕ್ಕಿ ಡಬ್ಬ, ಝಣ್ ಎನ್ನಲು ಇಡ್ಲಿ ಪಾತ್ರೆಯ ಮುಚ್ಚಳ. ಹಿಟ್ಟು ಕರಗುತ್ತಾ ಬಂದ ಹಾಗೆ ಡಬ್ಬದ ಸದ್ದೂ ಬದಲಾಗುತ್ತದಲ್ಲ, ತಿಂಗಳ ಕೊನೆಯಲ್ಲಿ ಅವಳು ಬಂದು, "ಅಜ್ಜಿ, ಈಗ ಸಕತ್ತಾಗಿದೆ, ದಯವಿಟ್ಟು ಹಿಟ್ಟು ತುಂಬ್ಬೇಡ" ಅನ್ನುತ್ತಿದ್ದಳು. ನಾನೂ ಎರಡು ದಿನ ಮುದ್ದೆ ಬಿಟ್ಟು ಅನ್ನ ಮಾಡುತ್ತಿದ್ದೆ.

ಇನ್ನು ಮುಂದೆ ಕಲಿಯಬೇಕಾದರೆ ಮನೆಯಲ್ಲಿ ಸ್ವಂತ ಸೆಟ್ಟು ಇರಲೇಬೇಕು ಎಂದು ಅವಳ ಮೇಷ್ಟ್ರು ಹೇಳಿ ಕಳಿಸಿದರು. ನನ್ನ ಮಗಳು, ಅಂದರೆ ಅವಳ ಅಮ್ಮ, ಕೊಡಿಸಲು ಒಪ್ಪಿದಳು. ಆದರೆ ಕರೆಂಟಿನಲ್ಲಿ ನಡೆಯುವ ಡ್ರಮ್ಮು ಮಾತ್ರ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಬಡಿದರೆ ಬಡಿಯುವವರಿಗೆ ಮಾತ್ರ ಕೇಳುತ್ತದಂತೆ. ದೊಡ್ಡವಳಿಗೆ ನಿಜವಾದ ಡ್ರಮ್ಮು ಬೇಕಿತ್ತು. ಅಮ್ಮ ಮಗಳ ನಡುವೆ ಹದಿನೈದು ದಿನ ಮಾತು ನಡೆದು, ಕೊನೆಗೆ ಇಬ್ಬರೂ ನನ್ನ ಮುಂದೆ ಬಂದು ನಿಂತರು.

"ಅಮ್ಮ, ಸೆಟ್ಟು ಇಡೋದು ನಿನ್ನ ಕೋಣೇಲಿ. ಅಪ್ಪ ಹೇಳಿದ ಮಾತು ನಿಂಗೊತ್ತು. ನೀನೇ ಹೇಳ್ಬಿಡು" ಎಂದಳು ಮಗಳು. ನಾನು ಅವಳ ಕಡೆಯೇ ಹೇಳುತ್ತೇನೆ ಎಂಬ ನಂಬಿಕೆ ಅವಳಿಗೆ.

"ಅಜ್ಜಿ ಬೇಡ ಅಂದ್ರೆ ನಾನು ಇನ್ಯಾವತ್ತೂ ಕೇಳಲ್ಲ" ಎಂದಳು ದೊಡ್ಡವಳು. ಕೇಳುವುದೂ ಇಲ್ಲ ಎಂದು ನನಗೆ ಗೊತ್ತಿತ್ತು. ಆ ವಿಷಯದಲ್ಲಿ ಅವಳು ತಾತನ ಮೊಮ್ಮಗಳು.

ತಾತ ಹೇಳಿದ ಮಾತು ಯಾವುದೆಂದು ನಿಮಗೆ ಹೇಳಬೇಕು. ಲಿಂಗರಾಜಪುರದಲ್ಲಿ ಈ ಮನೆಗೆ ಮೊದಲು ಶೀಟಿನ ಚಾವಣಿ ಇತ್ತು. ಮೋಲ್ಡ್ ಹಾಕಿಸಿ ಒಳಗೆ ಬಂದ ದಿನ ತಾತ ಬಾಗಿಲಲ್ಲಿ ನಿಂತು, "ತಮಟೆ ಗಿಮಟೆ, ಬಡಿಯೋ ವಾದ್ಯ ಯಾವ್ದೂ ಈ ಹೊಸಿಲು ದಾಟ್ಬಾರ್ದು" ಎಂದಿದ್ದರು. ಅವರು ಬದುಕಿರುವವರೆಗೆ ದಾಟಲಿಲ್ಲ. ನಿಮ್ಮ ಮಾವ ಚಿಕ್ಕವನಿದ್ದಾಗ ತಂದ ಆಟದ ಡೋಲನ್ನೂ ಹೊರಗೆ ಕಟ್ಟೆಯ ಮೇಲೆಯೇ ಇಡಬೇಕಾಗಿತ್ತು.

ತಾತನ ಊರು ಕೆ.ಆರ್. ಪುರದಿಂದ ಆಚೆ. ನನ್ನ ತವರು ಅಲ್ಲಿಂದ ಮೂರು ಮೈಲಿ. ಎರಡೂ ಊರುಗಳಲ್ಲಿ ತಮಟೆ ಬಡಿಯುವುದು ನಮ್ಮ ಕೇರಿಯ ಗಂಡಸರ ಪಾಲಿನದು. ಅದನ್ನು ಕೆಲಸ ಎಂದು ಬರೆಯಲು ಹೋಗಿ ನಿಲ್ಲಿಸಿದೆ. ಕೆಲಸವಾದರೆ ಇವತ್ತು ಆಗುವುದಿಲ್ಲ ಅನ್ನಬಹುದು. ಇದಕ್ಕೆ ಹಾಗೆ ಅನ್ನುವಂತಿರಲಿಲ್ಲ. ಊರೊಳಗೆ ಯಾರಾದರೂ ತೀರಿಕೊಂಡರೆ ಒಬ್ಬ ಆಳು ಬಂದು ಕೇರಿಯ ಬಾಯಲ್ಲಿ ನಿಂತು ಕೂಗುತ್ತಿದ್ದ. ಉಣ್ಣುತ್ತಿದ್ದರೆ ಕೈ ತೊಳೆದುಕೊಂಡು, ಜ್ವರ ಇದ್ದರೆ ಜ್ವರದಲ್ಲೇ ಎದ್ದು ಹೋಗಬೇಕು. ಹೆಣದ ಮುಂದೆ ಗುಂಡಿಯವರೆಗೂ ಬಡಿದು, ಆಮೇಲೆ ಆ ಮನೆಯ ಹಿತ್ತಿಲಲ್ಲಿ ನಿಂತು ಕೊಟ್ಟದ್ದನ್ನು ತರಬೇಕು. ತಾತನ ಅಕ್ಕನ ಮದುವೆಯ ದಿನವೇ ಹಾಗೆ ಕರೆ ಬಂತಂತೆ. ಆಗ ಅವರಿಗೆ ಹದಿನಾರು. ಮದುವೆಗೆಂದು ಹೊಲಿಸಿದ್ದ ಹೊಸ ಅಂಗಿಯಲ್ಲೇ ಹೋದರು. ವಾಪಸ್ಸು ಬರುವಷ್ಟರಲ್ಲಿ ಹೆಣ್ಣು ಒಪ್ಪಿಸುವುದೂ ಮುಗಿದು ಅಕ್ಕ ಗಂಡನ ಮನೆಯ ದಾರಿ ಹಿಡಿದಿದ್ದಳು. ಆ ವಾರವೇ ಅವರು ತಮಟೆಯನ್ನು ಅಟ್ಟಕ್ಕೆ ಎಸೆದು ಬೆಂಗಳೂರಿಗೆ ನಡೆದರು. ದೊಡ್ಡನೆಕ್ಕುಂದಿಯ ಕಾರ್ಖಾನೆಯಲ್ಲಿ ಕೆಲಸ ಹಿಡಿದದ್ದು, ಹಲಸೂರಿನ ಗೆಳೆಯರ ಜೊತೆ ಸೇರಿ ಬೌದ್ಧರಾದದ್ದು, ನನ್ನನ್ನು ಮದುವೆಯಾದದ್ದು ಎಲ್ಲ ಆಮೇಲಿನದು.

ಒಂದು ತಮಾಷೆಯನ್ನೂ ಹೇಳಬೇಕು. ನಮ್ಮ ಬೀದಿಯಲ್ಲಿ ಮದುವೆ ಮೆರವಣಿಗೆಯೋ ದೇವರ ಮೆರವಣಿಗೆಯೋ ತಮಟೆಯೊಂದಿಗೆ ಬಂದರೆ ತಾತ ಎದ್ದು ಕಿಟಕಿ ಮುಚ್ಚುತ್ತಿದ್ದರು. ಮುಚ್ಚುವ ಮೊದಲು ಒಂದು ಗಳಿಗೆ ಕಿವಿಗೊಟ್ಟು, "ಬಲಗಡೆಯವನ್ದು ಬೆಂಕೀಲಿ ಕಾದೇ ಇಲ್ಲ. ಹಸೀ ಚರ್ಮ ಬಡೀತಾವ್ನೆ ಬೇಕೂಫ" ಎಂದು ಬೈದು ಮುಚ್ಚುತ್ತಿದ್ದರು. ನಾನು ಅಡುಗೆಮನೆಯಲ್ಲಿ ಬಾಯಿಗೆ ಸೆರಗು ಹಿಡಿದುಕೊಂಡು ನಗುತ್ತಿದ್ದೆ. ಅವರು ಹೇಳಿದ್ದು ಸರಿಯಾಗಿಯೇ ಇರುತ್ತಿತ್ತು. ನನಗೂ ಕೇಳಿಸಿರುತ್ತಿತ್ತು.

ಒಂದು ಶನಿವಾರ ಬೆಳಗ್ಗೆ ಮೂವರೂ ಹೊರಟೆವು. ಮೊದಲು ಇಂದಿರಾನಗರದ ಅಂಗಡಿ. ಗಾಜಿನ ಬಾಗಿಲು, ಒಳಗೆ ತಣ್ಣನೆ ಎ.ಸಿ. ಚಪ್ಪಲಿ ಬಿಡಬೇಕೋ ಬೇಡವೋ ಗೊತ್ತಾಗದೆ ನಾನು ಬಿಟ್ಟೆ. ದೊಡ್ಡವಳು ಮೆಲ್ಲಗೆ, "ಹಾಕ್ಕೊ ಅಜ್ಜಿ, ಇದು ದೇವಸ್ಥಾನ ಅಲ್ಲ" ಎಂದಳು. ಅಲ್ಲಿ ಡ್ರಮ್ಮು ಎಂದು ತೋರಿಸಿದ್ದು ಕಪ್ಪು ರಬ್ಬರಿನ ತಟ್ಟೆಗಳು. ಕಂಬಿಗಳ ಮೇಲೆ ಒಂದೊಂದು ತಟ್ಟೆ, ಎಲ್ಲದರಿಂದಲೂ ವೈರು. ಮಾರುವ ಹುಡುಗಿ ತುಂಬಾ ಒಳ್ಳೆಯವಳು. ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ನನ್ನ ತಲೆಗೇ ಹೆಡ್‌ಫೋನ್ ಹಾಕಿದಳು. ದೊಡ್ಡವಳು ಬಡಿದಳು. ನನ್ನ ಎರಡು ಕಿವಿಯ ನಡುವೆ, ತಲೆಯೊಳಗೇ ಯಾರೋ ಬಡಿದ ಹಾಗಾಯಿತು. ಸದ್ದು ಚೆನ್ನಾಗಿತ್ತು, ಸುಳ್ಳು ಹೇಳುವುದಿಲ್ಲ.

ಆಮೇಲೆ ಹೆಡ್‌ಫೋನ್ ತೆಗೆದೆ. ಅವಳು ಇನ್ನೂ ಬಡಿಯುತ್ತಲೇ ಇದ್ದಳು. ಕೈ ಎತ್ತಿ ಎತ್ತಿ ಹೊಡೆಯುತ್ತಿದ್ದಾಳೆ, ಜಡೆ ಹಾರುತ್ತಿದೆ, ಕಾಲು ಕುಣಿಯುತ್ತಿದೆ. ಕೇಳುವುದು ಮಾತ್ರ ಮಣೆಯ ಮೇಲೆ ಹುರುಳಿಕಾಯಿ ಹೆಚ್ಚಿದ ಹಾಗೆ ಟಪ್ ಟಪ್.

"ನೋಡಿ ಆಂಟಿ, ಪಕ್ಕದ ರೂಮಲ್ಲಿ ಪಾಪು ಮಲಗಿದ್ರೂ ಗೊತ್ತಾಗಲ್ಲ" ಎಂದಳು ಮಾರುವ ಹುಡುಗಿ.

"ಇದೇ ಸರಿ ಅಲ್ವಾ ಅಮ್ಮ? ಯಾರಿಗೂ ತೊಂದ್ರೆ ಇಲ್ಲ. ಅಪ್ಪನ ಮಾತೂ ಉಳಿಯುತ್ತೆ" ಎಂದಳು ಮಗಳು.

ಹೂಂ ಅಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ದೊಡ್ಡವಳು ನನ್ನ ಮುಖ ನೋಡುತ್ತಿರಲಿಲ್ಲ. ಕೋಲುಗಳನ್ನು ಜೋಡಿಸಿ ರಬ್ಬರು ತಟ್ಟೆಯ ಮೇಲೆ ಇಟ್ಟು, ನಾನು ಏನು ಹೇಳಿದರೂ ಸರಿ ಎಂಬಂತೆ ಕೂತಿದ್ದಳು. "ಇನ್ನೊಂದ್ಕಡೆ ನೋಡೋಣ" ಎಂದೆ. ನನ್ನ ಬಾಯಿಂದ ಬಂದದ್ದು ಅಷ್ಟೇ.

ಆಟೋದಲ್ಲಿ ಶಿವಾಜಿನಗರಕ್ಕೆ ಹೋದೆವು. ಬಸ್ ಸ್ಟ್ಯಾಂಡಿನಿಂದ ಒಳಗೆ ಒಂದು ಗಲ್ಲಿಯಲ್ಲಿ ಹಳೆಯ ವಾದ್ಯಗಳನ್ನು ರಿಪೇರಿ ಮಾಡಿ ಮಾರುವ ಅಂಗಡಿ ಇದೆ ಎಂದು ಕ್ಲಾಸಿನ ಮೇಷ್ಟ್ರು ಹೇಳಿದ್ದರು. ಅಂಗಡಿಯವರು ನನ್ನ ವಯಸ್ಸಿನವರೇ. ಬಿಳಿ ಗಡ್ಡ, ತಲೆಗೆ ಟೋಪಿ, ಕೈಯಲ್ಲಿ ಎಣ್ಣೆ ಬಟ್ಟೆ. ಗಿಟಾರುಗಳೂ ಮದುವೆ ಬ್ಯಾಂಡಿನ ತುತ್ತೂರಿಗಳೂ ಚಾವಣಿಯಿಂದ ನೇತಾಡುತ್ತಿದ್ದವು.

"ಬನ್ನಿ ಅಮ್ಮಾ, ಕೂತ್ಕಳಿ. ಯಾರು ಬಾರ್ಸೋದು? ನೀವಾ?" ಎಂದರು.

ನಾನು ನಾಚಿಕೊಂಡು ಮೊಮ್ಮಗಳನ್ನು ತೋರಿಸಿದೆ.

"ಅರೇ, ನೀವೂ ಬಾರ್ಸಿ, ಯಾರು ಬೇಡ ಅಂತಾರೆ?" ಎಂದು ನಕ್ಕು, ಮೂಲೆಯಲ್ಲಿದ್ದ ಕೆಂಪು ಸೆಟ್ಟಿನ ಮೇಲಿನ ಬಟ್ಟೆ ಎಳೆದರು. "ಇದು ಚರ್ಚ್‌ನೋರು ಕೊಟ್ಟಿದ್ದು. ಹಳೇದು ಅಂತ ಮೂಗು ಮುರೀಬೇಡಿ. ಮರ ಹಳೇದಾದಷ್ಟೂ ಒಳ್ಳೇ ಮಾತಾಡುತ್ತೆ. ಕೂತ್ಕೋ ಬೇಟಿ."

ಕಾಲಿನಿಂದ ಹೊಡೆಯುವ ದೊಡ್ಡ ಡ್ರಮ್ಮು ಒಂದು, ಅದರ ಮೇಲೆ ಎರಡು, ಪಕ್ಕದಲ್ಲಿ ಒಂದು, ಮೊಣಕಾಲುಗಳ ನಡುವೆ ಸ್ನೇರ್ ಎನ್ನುವ ತೆಳು ಡ್ರಮ್ಮು, ಎರಡು ಕಡೆ ಹಿತ್ತಾಳೆಯ ತಟ್ಟೆಗಳು. ದೊಡ್ಡವಳು ಕೂತು ಒಂದು ಸುತ್ತು ಬಡಿದಳು. ಗಲ್ಲಿಯಲ್ಲಿ ಸೊಪ್ಪು ಮಾರುತ್ತಿದ್ದ ಹೆಂಗಸು ಒಳಗೆ ಇಣುಕಿ ನೋಡಿದಳು. ನನ್ನ ಮಗಳು ಎರಡು ಕೈಯಲ್ಲಿ ಕಿವಿ ಮುಚ್ಚಿಕೊಂಡಳು. ನನಗೆ ಮಾತ್ರ ಬೇರೆಯೇ ಏನೋ ಕಾಡತೊಡಗಿತು. ಪಕ್ಕದ ಡ್ರಮ್ಮಿನ ಸದ್ದಿಗೆ ಒಂದು ಕಡೆ ಜೋಲು ಇತ್ತು. ತಡೆಯಲಾಗದೆ, "ಅದೊಂದು ಇನ್ನೂ ಕಾದಿಲ್ಲ. ಸ್ವಲ್ಪ ಬಿಸಿಲಿಗೆ ಇಟ್ಟು ತರ್ತೀರಾ? ಬೆಂಕಿಗೆ ಹಿಡಿದ್ರೆ ಇನ್ನೂ ಬೇಗ ಆಗುತ್ತೆ" ಎಂದುಬಿಟ್ಟೆ.

ಅಂಗಡಿಯವರು ಕಣ್ಣರಳಿಸಿದರು. "ಬೆಂಕಿಗಾ? ಅಮ್ಮಾ, ಇದು ಚರ್ಮ ಅಲ್ಲ, ಪ್ಲಾಸ್ಟಿಕ್ಕು! ಬೆಂಕಿ ಹತ್ರ ತಗೊಂಡೋದ್ರೆ ಹಪ್ಪಳ ಆಗೋಗುತ್ತೆ."

ದೊಡ್ಡವಳು ಡ್ರಮ್ಮಿನ ಮೇಲೆ ಬಾಗಿಕೊಂಡು ನಕ್ಕಳು. ನನ್ನ ಮಗಳೂ ನಕ್ಕಳು. ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಆದರೆ ಅಂಗಡಿಯವರು ನಗು ನಿಲ್ಲಿಸಿ, ಪಕ್ಕದ ಡ್ರಮ್ಮಿನ ಅಂಚಿನ ಸುತ್ತ ಬೆರಳಿನಿಂದ ತಟ್ಟುತ್ತಾ ಬಂದರು. ಒಂದು ತಿರುಪಿನ ಹತ್ತಿರ ನಿಂತರು. ಇನ್ನೊಮ್ಮೆ ತಟ್ಟಿದರು. ಜೇಬಿನಿಂದ ಪುಟ್ಟ ಕೀಲಿ ತೆಗೆದು ಆ ತಿರುಪನ್ನು ಅರ್ಧ ಸುತ್ತು ಬಿಗಿದು, ನನ್ನ ಕಡೆ ತಿರುಗಿ, "ಈಗ?" ಎಂದರು.

"ಇನ್ನೊಂಚೂರು."

ಬಿಗಿದರು. "ಈಗ?"

"ಹೂಂ. ಆಯ್ತು."

"ಅಮ್ಮಾ, ಎಲ್ಲಿ ಕಲಿತ್ರಿ ಇದನ್ನ?" ಎಂದರು.

ನನ್ನ ಮಗಳ ನಗು ನಿಂತುಹೋಯಿತು. ಅವಳು ಶಾಲೆಯಲ್ಲಿ ಟೀಚರು. ನಮ್ಮ ಕಡೆಯವರು ಏನು ಮಾಡುತ್ತಿದ್ದರು ಎಂದು ಸ್ಟಾಫ್ ರೂಮಿನಲ್ಲಿ ಯಾರಾದರೂ ಕೇಳಿದರೆ ಕಾರ್ಖಾನೆ ಎಂದು ಹೇಳಿ ಮುಗಿಸುತ್ತಾಳೆ. ಅವಳದು ತಪ್ಪೂ ಅಲ್ಲ. ನಾನೂ ಬೆಂಗಳೂರಿಗೆ ಬಂದ ಮೇಲೆ ಯಾರ ಹತ್ತಿರವೂ ಹೇಳಿದವಳಲ್ಲ. ಸುಮ್ಮನೆ ತಲೆ ಅಲ್ಲಾಡಿಸಬಹುದಾಗಿತ್ತು. ಆದರೆ ಅವರು ಕೇಳಿದ ರೀತಿಯಲ್ಲಿ ನನ್ನನ್ನು ಅಳೆಯುವುದು ಇರಲಿಲ್ಲ. ಕಸುಬಿನವರು ಕಸುಬಿನವರನ್ನು ಕೇಳುವ ಹಾಗೆ ಕೇಳಿದ್ದರು.

"ನಮ್ಮಪ್ಪ ತಮಟೆ ಬಡೀತಿದ್ರು" ಎಂದೆ. "ಹೋಗೋ ಮುಂಚೆ ಚರ್ಮ ಕಾಯಿಸ್ಬೇಕು. ಹುಲ್ಲು, ತರಗು ತಂದು ಬೆಂಕಿ ಹಾಕೋಳು ನಾನು."

ದೊಡ್ಡವಳು ಕೋಲುಗಳನ್ನು ತೊಡೆಯ ಮೇಲೆ ಇಟ್ಟುಕೊಂಡಳು. "ನಂಗೆ ಯಾಕೆ ಹೇಳಿಲ್ಲ ಅಜ್ಜಿ?"

ಅದಕ್ಕೆ ಉತ್ತರವನ್ನು ಇಲ್ಲಿ ಬರೆಯುತ್ತೇನೆ. ನಮ್ಮಪ್ಪ ಬೆಂಕಿಯ ಮೇಲೆ ತಮಟೆಯನ್ನು ತಿರುಗಿಸಿ ತಿರುಗಿಸಿ ಹಿಡಿಯುತ್ತಿದ್ದರು. ಆಗಾಗ ಬೆರಳಿನಿಂದ ತಟ್ಟಿ, "ಆಯ್ತೇನವ್ವಾ?" ಎಂದು ನನ್ನನ್ನೇ ಕೇಳುತ್ತಿದ್ದರು. ಬಡಿದು ಬಡಿದು ಅವರ ಕಿವಿ ಮಂದವಾಗಿತ್ತು. ನಾನು ಆಯ್ತು ಎಂದಮೇಲೆಯೇ ಹೆಗಲಿಗೆ ಹಾಕಿಕೊಳ್ಳುತ್ತಿದ್ದರು. ಶಾಲೆಯಲ್ಲಿ ಮೇಷ್ಟ್ರು ನನ್ನನ್ನು ಏನೂ ಕೇಳುತ್ತಿರಲಿಲ್ಲ. ಮನೆಯಲ್ಲಿ ನನ್ನ ಮಾತಿಗಾಗಿ ಒಬ್ಬರು ಕಾಯುತ್ತಿದ್ದರು. ಆದರೆ ಹೆಣ್ಣುಮಕ್ಕಳು ಕೋಲು ಮುಟ್ಟುವ ಹಾಗಿರಲಿಲ್ಲ. ಆ ದಪ್ಪ ಕೋಲನ್ನೂ ಬಿದಿರಿನ ಕಡ್ಡಿಯನ್ನೂ ನಾನು ಒಂದು ಸಲವೂ ಕೈಯಲ್ಲಿ ಹಿಡಿದು ಬಡಿದವಳಲ್ಲ. ಆ ತಮಟೆಯ ಮೇಲೆ ನನಗೆ ಪ್ರೀತಿ ಇತ್ತು. ನಿಮ್ಮ ತಾತನಿಗೆ ಅದು ಏನು ಮಾಡಿತ್ತು ಎಂದು ಗೊತ್ತೂ ಇತ್ತು. ಆ ಪ್ರೀತಿಯನ್ನು ಅವರ ಮುಂದೆ ಹೇಗೆ ಹೇಳುವುದು? ನಲವತ್ತು ವರ್ಷ ಹೇಳಲಿಲ್ಲ.

ಅಂಗಡಿಯವರು ಕೀಲಿಯನ್ನು ನನ್ನ ಕೈಗೆ ಕೊಟ್ಟರು. "ಹಂಗಾದ್ರೆ ನಾನ್ಯಾಕೆ ಇಷ್ಟು ಹೊತ್ತು ಭಾಷಣ ಬಿಗೀತಿದೀನಿ? ನೀವೇ ಹೇಳಿ, ಇದು ಚೆನ್ನಾಗಿದೆಯಾ, ಇಲ್ವಾ?"

"ಚೆನ್ನಾಗಿದೆ" ಎಂದೆ.

ಮಗಳು ನನ್ನ ಕೈ ಹಿಡಿದು ಅಂಗಡಿಯ ಮೆಟ್ಟಿಲಿಗೆ ಕರೆದುಕೊಂಡು ಬಂದಳು. "ಅಮ್ಮ, ಚೆನ್ನಾಗಿದೆ ಸರಿ. ಅಪ್ಪನ ಮಾತು?"

"ನಿಮ್ಮಪ್ಪಂಗೆ ಆಗದೆ ಇದ್ದಿದ್ದು ಸದ್ದಲ್ಲ. ಕರೆದಾಗ ಹೋಗಿ ಬಡೀಬೇಕಾಗಿತ್ತಲ್ಲ, ಅದು."

"ಹಂಗಂತ ಅಪ್ಪ ಹೇಳಿದ್ರಾ?"

ಹೇಳಿದ್ದರು ಎಂದುಬಿಟ್ಟಿದ್ದರೆ ಸುಲಭವಾಗುತ್ತಿತ್ತು. ಅವಳು ಮರುಮಾತಾಡುತ್ತಿರಲಿಲ್ಲ. ಆದರೆ ಇಲ್ಲದ ಮಾತನ್ನು ಸತ್ತವರ ಬಾಯಲ್ಲಿ ಇಡುವುದು ನನಗೆ ಆಗಲಿಲ್ಲ.

"ಇಲ್ಲ. ಅವರು ಯಾವ ವಾದ್ಯವೂ ಬೇಡ ಅಂತಲೇ ಹೇಳಿದ್ರು" ಎಂದೆ. "ಇದು ನಾನು ಹೇಳ್ತಿರೋದು. ಅವಳು ಬಡಿಯೋದಾದ್ರೆ ಕೇಳೋ ಹಂಗೆ ಬಡೀಲಿ. ಕಿವಿಗೆ ಅದನ್ನ ಹಾಕ್ಕೊಂಡು ಕದ್ದು ಬಡಿಯೋದು ಬೇಡ. ಸದ್ದು ಬರೋದೇ ಇರ್ಲಿ."

ಮಗಳು ಹುಟ್ಟಿದ ಮೇಲೆ ನಾನು ಅವಳ ಅಪ್ಪನ ಮಾತಿಗೆ ಎದುರು ಮಾತಾಡಿದ್ದು ಅದೇ ಮೊದಲು. ಅದೂ ಅವರು ಹೋಗಿ ಆರು ವರ್ಷವಾದ ಮೇಲೆ. "ಪಕ್ಕದ ಮನೆಯೋರು ಜಗಳಕ್ಕೆ ಬಂದ್ರೆ ನೀನೇ ಮಾತಾಡ್ಬೇಕು, ನಾನು ಬರಲ್ಲ" ಎಂದಳು. ನಾನು ಯಾರ ಮನೆಯ ಬಾಗಿಲನ್ನೂ ತಟ್ಟುವವಳಲ್ಲ ಎಂದು ಗೊತ್ತಿದ್ದೇ ಹಾಗೆ ಹೇಳಿದ್ದು. "ಆಯ್ತು" ಎಂದೆ.

ಸೆಟ್ಟು ಟೆಂಪೋದಲ್ಲಿ ಬಂದು ನನ್ನ ಮಂಚವನ್ನು ಗೋಡೆಗೆ ಒತ್ತಿತು. ಹೊಸಿಲು ದಾಟುವಾಗ ನಾನು ಅಲ್ಲಿರಲಿಲ್ಲ. ಹಿತ್ತಿಲಿಗೆ ಹೋಗಿ ಬಟ್ಟೆ ಎತ್ತುತ್ತಾ ನಿಂತಿದ್ದೆ. ತಾತನ ಮಾತನ್ನು ಮೀರಿದ್ದು ನನಗೆ ಸುಲಭವಾಗಿರಲಿಲ್ಲ, ಈಗಲೂ ಕೆಲವು ದಿನ ಸುಲಭವಲ್ಲ. ಸಂಜೆ ದೊಡ್ಡವಳು ಬಡಿಯಲು ಶುರುಮಾಡಿ ಐದು ನಿಮಿಷವಾಗಿರಲಿಲ್ಲ, ಪಕ್ಕದ ತಮಿಳು ಮಾತಾಡುವ ಮನೆಯಾಕೆ ಕಾಂಪೌಂಡಿನ ಮೇಲಿಂದ, "ಏನಮ್ಮಾ, ನಿಮ್ಮನೇಲಿ ಕಲ್ಯಾಣಮಾ? ನಂಗೆ ಹೇಳ್ಲೇ ಇಲ್ಲ!" ಎಂದು ಕೂಗಿದರು. ಜಗಳವೋ ತಮಾಷೆಯೋ ತಿಳಿಯಲಿಲ್ಲ. ನಾನು ಸೆರಗು ಸರಿಮಾಡಿಕೊಂಡು ಅವರ ಗೇಟಿಗೇ ಹೋದೆ. "ಮದುವೆ ಅಲ್ಲ ರೀ, ಮೊಮ್ಮಗಳು ಡ್ರಮ್ಮು ಕಲೀತಾವ್ಳೆ. ದಿನಾ ಸಂಜೆ ಐದೂವರೆಯಿಂದ ಒಂದು ಗಂಟೆ. ನಿಮಗೆ ತೊಂದ್ರೆ ಆಗೋದಾದ್ರೆ ಹೊತ್ತು ಬದಲಾಯಿಸ್ತೀವಿ" ಎಂದೆ. ದಾರಿಯಲ್ಲೇ ಮನಸ್ಸಿನಲ್ಲಿ ಹೇಳಿಕೊಂಡು ಹೋದ ಮಾತು ಅದು. ಆಕೆ, "ಏಳೂವರೆಗೆ ನಂದು ಸೀರಿಯಲ್ ಬರುತ್ತೆ, ಅದಕ್ಕೆ ಮಾತ್ರ ಕೈ ಹಾಕ್ಬೇಡಿ" ಎಂದರು. ಉಳಿದ ನಾಲ್ಕು ಮನೆಗಳಿಗೂ ನಾನೇ ಹೋಗಿ ಹೇಳಿ ಬಂದೆ. ಒಂದು ಮನೆಯಲ್ಲಿ ಮುಖ ಗಂಟಿಕ್ಕಿದರು, ಇನ್ನೊಂದರಲ್ಲಿ ಕಾಫಿ ಕೊಟ್ಟರು.

ಮೂರು ತಿಂಗಳು ಕಳೆದಿತ್ತು. ಒಂದು ಸಂಜೆ ದೊಡ್ಡವಳು ಒಳಗೆ ಬಡಿಯುತ್ತಿದ್ದಾಗ, ನಮ್ಮ ಬೀದಿಯಲ್ಲಿ ರಾಜ್ಯೋತ್ಸವ ನಡೆಸುವವರ ಮುಂದಾಳು ಗೇಟಿನಲ್ಲಿ ನಿಂತು ಕೂಗಿದ. "ಆಂಟಿ, ಶನಿವಾರ ಆರ್ಕೆಸ್ಟ್ರಾ ಇದೆ, ಡ್ರಮ್‌ನೋನು ಕೈ ಕೊಟ್ಬಿಟ್ಟ. ನಿಮ್ಮ ಹುಡುಗೀನ ಕಳಿಸ್ಕೊಡಿ!"

ನಾನು ಅವರೆಕಾಯಿ ಬಿಡಿಸುತ್ತಾ ಕೂತಿದ್ದೆ. ಕೈ ಅಲ್ಲೇ ನಿಂತಿತು. ಗೇಟಿನಲ್ಲಿ ಒಬ್ಬ ಗಂಡಸು ನಿಂತು ಬಡಿಯಲು ಕರೆಯುತ್ತಿದ್ದಾನೆ. ಇದನ್ನೇ ಅಲ್ಲವೇ ಅವರು ಬೇಡ ಎಂದದ್ದು, ಇದನ್ನು ನಾನೇ ಮನೆಗೆ ತಂದೆನಲ್ಲ ಎನಿಸಿತು.

ಒಳಗೆ ಸದ್ದು ನಿಂತಿತು. ದೊಡ್ಡವಳು ಕೋಲು ಹಿಡಿದೇ ಬಾಗಿಲಿಗೆ ಬಂದಳು.

"ಶನಿವಾರ ಆಗಲ್ಲ ಅಣ್ಣ, ಕ್ಲಾಸಿದೆ."

"ಸ್ವಲ್ಪ ಅಡ್ಜಸ್ಟ್ ಮಾಡ್ಕೋ ಮರಿ. ಏರಿಯಾ ಫಂಕ್ಷನ್ನು."

"ಇಲ್ಲ ಅಣ್ಣ. ನೀವು ಮೊದಲೇ ಕೇಳ್ಬೇಕಿತ್ತು. ಹಂಗೆಲ್ಲ ಕರೆದ ತಕ್ಷಣ ಬರಕ್ಕಾಗಲ್ಲ."

ಅವನು ಏನೂ ಬೇಜಾರು ಮಾಡಿಕೊಳ್ಳಲಿಲ್ಲ. "ಸರಿ ಬಿಡು. ಮುಂದಿನ ವರ್ಷ ಒಂದು ತಿಂಗಳು ಮುಂಚೆ ಬಂದು ನಿನ್ನ ಡೇಟು ತಗೋತೀನಿ" ಎಂದು ನಕ್ಕ. ಆಮೇಲೆ ನನ್ನ ಕಡೆ ನೋಡಿ, "ಆಂಟಿ, ಕೂಗಿ ಕೂಗಿ ಗಂಟಲು ಒಣಗಿಹೋಯ್ತು, ಒಂದು ಲೋಟ ನೀರು ಕೊಡಿ" ಎಂದ. ತಂದುಕೊಟ್ಟೆ. ಅಲ್ಲೇ ಗೇಟಿಗೆ ಒರಗಿಕೊಂಡು ಗಟಗಟ ಕುಡಿದು, ಲೋಟವನ್ನು ನನ್ನ ಕೈಗೇ ಕೊಟ್ಟು ಮುಂದಿನ ಬೀದಿಗೆ ಹೋದ.

ದೊಡ್ಡವಳು ಆಗಲೇ ಒಳಗೆ ಹೋಗಿದ್ದಳು. ಬಿಟ್ಟಲ್ಲಿಂದ ಶುರುಮಾಡಲು ಕೋಲಿನಿಂದ ಒಂದು, ಎರಡು, ಮೂರು, ನಾಲ್ಕು ಎಂದು ತಟ್ಟಿಕೊಳ್ಳುತ್ತಿದ್ದಳು.